ಸತ್ಯಕ್ಕೆ ಅಪವಾದವುಂಟೆ?

ಸುಳ್ಳು, ಮೋಸ, ಕಳವು, ವಚನಭಂಗ – ಇವು ಬೇರೆ ಬೇರೆ ದೋಷಗಳೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಇವೆಲ್ಲವೂ ಕೆಡಿಸುವುದು ಒಂದನ್ನೇ, ಜನರ ಪರಸ್ಪರ ವಿಶ್ವಾಸವನ್ನು. ಹಾಗಾದರೆ ಇವು ಎಲ್ಲ ಸಂದರ್ಭಗಳಲ್ಲಿಯೂ ವರ್ಜ್ಯವೇ, ಅಪವಾದಗಳುಂಟೆ, ಎಂಬುದು ನೀತಿಶಾಸ್ತ್ರದ ಹಳೆಯ ಪ್ರಶ್ನೆ.

ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನ್ಯುಯಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ನಿದರ್ಶನವನ್ನು ಕೊಟ್ಟಿದ್ದಾನೆ. ಹಣದ ಅಡಚಣೆಗೆ ಸಿಕ್ಕಿದವನೊಬ್ಬನು, ತೀರಿಸಲಾರೆನೆಂದು ತಿಳಿದೂ, ತೀರಿಸುವೆನೆಂದು ಮಾತುಕೊಟ್ಟು ಸಾಲ ಪಡೆಯಲೆಳಸುತ್ತಾನೆ. ಎಲ್ಲರೂ ಹೀಗೆಯೇ ನಡೆದರೆ ಮಾತಿಗೆ ಬೆಲೆಯಿಲ್ಲದಾಗಿ, ಸಾಲ ಕೊಡುವವರೇ ಇಲ್ಲವಾಗುತ್ತಾರೆ. ಅಂದರೆ, ಮೋಸಗಾರನು ಇತರರ ಪ್ರಾಮಾಣಿಕತೆಯನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ.

ಈ ವಾದವು ಸರಿಯೇ. ಆದರೆ ಕಾಂಟ್ ಇನ್ನೂ ಮುಂದೆ ಹೋದನು. ಬೆಂಜಮಿನ್ ಕಾನ್‌ಸ್ಟಂಟನಿಗೆ ಉತ್ತರವಾಗಿ 1797ರಲ್ಲಿ ಬರೆದ ಲೇಖನದಲ್ಲಿ, ಕೊಲೆಗಡುಕನು ಬಾಗಿಲಿಗೆ ಬಂದು ನಮ್ಮ ಮನೆಯಲ್ಲಿ ಅಡಗಿರುವ ಸ್ನೇಹಿತನ ಸುಳಿವು ಕೇಳಿದರೂ ಸುಳ್ಳಾಡಕೂಡದೆಂದನು.

ಇದಕ್ಕೆ ವ್ಯಾಸಭಾರತದ ಸಮ್ಮತಿಯಿಲ್ಲ. ಗಾಂಡೀವವನ್ನು ಬೇರೊಬ್ಬನಿಗೆ ಕೊಡೆಂದವನ ತಲೆ ತೆಗೆಯುವೆನೆಂಬುದು ಅರ್ಜುನನ ಪ್ರತಿಜ್ಞೆ. ಕರ್ಣಪರ್ವದಲ್ಲಿ ಆ ಮಾತನ್ನು ಧರ್ಮರಾಯನೇ ಆಡಲು, ಅರ್ಜುನನು ಕತ್ತಿ ಹಿರಿಯುತ್ತಾನೆ. ಆಗ ಕೃಷ್ಣನು ಅವನನ್ನು ತಡೆದು ಕೌಶಿಕನ ಕಥೆಯನ್ನು ಹೇಳುತ್ತಾನೆ. ಸತ್ಯವನ್ನೇ ವ್ರತವಾಗಿಸಿಕೊಂಡ ತಪಸ್ವಿ ಆ ಕೌಶಿಕ. ಕಳ್ಳರಿಗೆ ಹೆದರಿ ಕಾಡುಹೊಕ್ಕ ಜನರ ದಾರಿಯನ್ನು ಕಳ್ಳರು ಕೇಳಲು, ಅವನು ಇದ್ದುದನ್ನು ಇದ್ದಂತೆ ಹೇಳಿದನು. ಜನರು ಹತರಾದರು, ಕೌಶಿಕನು ನರಕಕ್ಕೆ ಹೋದನು. ಆದರೂ ಕೃಷ್ಣನು ಅರ್ಜುನನ ಪ್ರತಿಜ್ಞೆಯನ್ನು ತೃಣವೆಂದು ತಳ್ಳಲಿಲ್ಲ. ಹಿರಿಯನನ್ನು ಏಕವಚನದಲ್ಲಿ ನಿಂದಿಸುವುದೇ ವಧೆಗೆ ಸಮವೆಂದು, ಮಾತಿಗೂ ಒಂದು ಸಲ್ಲಿಕೆಯನ್ನು ತೋರಿಸಿಕೊಟ್ಟನು.

ಸ್ಕಾಟ್ಲೆಂಡಿನ ಚಿಂತಕ ಡಬ್ಲ್ಯು. ಡಿ. ರಾಸ್ 1930ರ ತನ್ನ ಗ್ರಂಥದಲ್ಲಿ ಹೇಳುವುದೂ ಇದಕ್ಕೆ ಹತ್ತಿರವಾದುದು. ಅಪಘಾತಕ್ಕೊಳಗಾದವರ ನೆರವಿಗಾಗಿ ಸಣ್ಣದೊಂದು ಮಾತನ್ನು ಮುರಿಯುವುದು ಯುಕ್ತ. ಆದರೆ ಮುರಿದ ಮಾತಿನ ಋಣ ಅಳಿಯುವುದಿಲ್ಲ. ಮಾತು ಪಡೆದವನಿಗೆ ಅದನ್ನು ಹೇಗಾದರೂ ತುಂಬಿಕೊಡಬೇಕು.

ಆದ್ದರಿಂದ ಅಪವಾದವುಂಟು; ಆದರೆ ಅದು ಅಗ್ಗವಲ್ಲ. ವಿದ್ಯಾರ್ಥಿಗಳಾದ ನಮಗೆ ಇದರ ಪರೀಕ್ಷೆ ನಡೆಯುವುದು ಪರೀಕ್ಷಾಮಂದಿರದಲ್ಲಿಯೇ. ಗೆಳೆಯನು ಉತ್ತರ ತೋರಿಸೆಂದು ಬೇಡುತ್ತಾನೆ. ತೋರಿಸಿದವನು, “ನನಗೇನೂ ಲಾಭವಿಲ್ಲ, ಅವನಿಗಾಗಿ ಮಾಡಿದೆ” ಎನ್ನುತ್ತಾನೆ. ಕಾಡಿನೊಳಗಿನ ಜನರನ್ನುಳಿಸಲು ಆಡಬಹುದಾಗಿದ್ದ ಸುಳ್ಳಿಗೂ ಇದಕ್ಕೂ ಹೋಲಿಕೆಯುಂಟೆ? ಆ ಸುಳ್ಳಿನಿಂದ ವಂಚಿತರಾಗುತ್ತಿದ್ದವರು ಕೊಲ್ಲಬಂದ ಕಳ್ಳರು. ಇಲ್ಲಿ ವಂಚಿತರಾಗುವವರು ರಾತ್ರಿಯೆಲ್ಲ ಓದಿಬಂದು, ತಲೆಯೆತ್ತದೆ ಬರೆಯುತ್ತಿರುವ ಸಹಪಾಠಿಗಳು. ಅವರು ಯಾರಿಗೂ ಕೇಡು ಬಗೆದವರಲ್ಲ. ನಮ್ಮನ್ನು ನಂಬಿ ನಮ್ಮೊಡನೆ ಕುಳಿತವರು.

ನಿಯಮವನ್ನು ಮೀರಬೇಕೆನಿಸಿದಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇದರಿಂದ ನಷ್ಟಪಡುವವರು ಯಾರು? ಅವರ ಮುಂದೆ ನಿಂತು ಇದನ್ನು ಹೇಳಬಲ್ಲೆನೆ? ಸ್ನೇಹಿತನನ್ನು ಉಳಿಸಿದವನು ಊರಿಗೆಲ್ಲ ಅದನ್ನು ಹೇಳಬಲ್ಲನು. ಉತ್ತರ ತೋರಿಸಿದವನು ಹಿಂದಿನ ಬೆಂಚಿನವನಿಗೂ ಹೇಳಲಾರನು.