ಹಳಿಯಿಲ್ಲದ ಊರಿನಿಂದ ಹಳಿಗಳ ನಕ್ಷೆ

ರೈಲು ಜಾಲದ ನಕ್ಷೆ ಮಾಡುವಾಗ ಗೆರೆ ಎಳೆಯುವುದು ಎಲ್ಲಕ್ಕಿಂತ ಸುಲಭದ ಕೆಲಸ. ಉಪಗ್ರಹ ಚಿತ್ರದಲ್ಲಿ ಹಳಿ ಕಾಣುತ್ತದೆ, ಅದರ ಮೇಲೆ ಬಿಂದು ಇಡುತ್ತ ಹೋದರೆ ಗೆರೆ ಸಿದ್ಧ. ಆ ಹಳಿಯ ಅಗಲವೆಷ್ಟು, ಯಾವ ದಿಕ್ಕಿನ ಗಾಡಿ ಅದರ ಮೇಲೆ ಓಡುತ್ತದೆ, ಎಲ್ಲಿ ಕವಲೊಡೆಯುತ್ತದೆ, ಸಿಗ್ನಲ್ ಯಾವ ಕಡೆಗೆ ಮುಖ ಮಾಡಿದೆ, ಗೇಟು ಇನ್ನೂ ಇದೆಯೇ ಎಂಬುದೆಲ್ಲ ಸೇರಿದ ಮೇಲೆಯೇ ಅದು ರೈಲ್ವೆಯ ನಕ್ಷೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಈ ವಿವರಗಳನ್ನು ಯಾರು ಬೇಕಾದರೂ ಸೇರಿಸಬಹುದು. ಹಾಗೆ ಸೇರಿಸಿದ್ದನ್ನು ಹಳಿ, ಸಿಗ್ನಲ್, ವಿದ್ಯುದೀಕರಣ, ವೇಗಮಿತಿ ಎಂದು ಬೇರೆ ಬೇರೆ ಪದರಗಳಲ್ಲಿ ತೋರಿಸುವುದು ಓಪನ್‌ರೈಲ್ವೇಮ್ಯಾಪ್.

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯವರು ರೈಲು ಹಿಡಿಯಬೇಕಾದರೆ ಮೊದಲು ದಾವಣಗೆರೆಯ ಬಸ್ಸು ಹತ್ತಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲೂ ರೈಲು ನಿಲ್ದಾಣವಿಲ್ಲ. ಹೀಗಾಗಿ ಇಲ್ಲಿಂದ ನಕ್ಷೆಯ ಕೆಲಸಕ್ಕೆ ಹೊರಡುವವರ ಪಾಲಿಗೆ ಸಿಗುವುದು ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಒಂದು ತುಂಡು: ಚಿಕ್ಕಜಾಜೂರು, ಮಾಯಕೊಂಡ, ಕೊಡಗನೂರು, ವಿಶ್ವವಿದ್ಯಾಲಯವಿರುವ ತೋಳಹುಣಸೆ, ದಾವಣಗೆರೆ, ಹರಿಹರ. ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ ಈ ತುಂಡಿನಲ್ಲೇ ದೇಶದ ಜಾಲದ ಬಹುತೇಕ ಸಮಸ್ಯೆಗಳು ಎದುರಾಗುತ್ತವೆ.

ಹಳೆಯ ನಕ್ಷೆಗಳನ್ನು ಹಾಸಿ ಕೂತರೆ ಮೊದಲ ತೊಡಕು ಅಲ್ಲೇ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಹಾಳೆಗಳಲ್ಲಿ 76 ಡಿಗ್ರಿ ರೇಖಾಂಶ ಒಂದು ಗಡಿ. ದಾವಣಗೆರೆ ಅದರ ಪಶ್ಚಿಮಕ್ಕೆ 48ಎನ್ ಗುಂಪಿನಲ್ಲಿದ್ದರೆ, ಮಾಯಕೊಂಡ ಪೂರ್ವಕ್ಕೆ 57ಬಿ ಗುಂಪಿನಲ್ಲಿದೆ. ನಡುವಿನ ಹಳಿ ಎರಡು ಹಾಳೆಗಳಿಗೆ ಹರಿದು ಹಂಚಿಹೋಗಿದೆ. ಆ ಎರಡು ಹಾಳೆಗಳ ಸರ್ವೆ ಬೇರೆ ಬೇರೆ ವರ್ಷ ನಡೆದಿದ್ದರೆ ಅಂಚಿನಲ್ಲಿ ಒಂದೇ ರೈಲುಮಾರ್ಗಕ್ಕೆ ಎರಡು ಕಾಲ. ಬೆಂಗಳೂರು–ಹರಿಹರ ಮಾರ್ಗ ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ, 1880ರ ದಶಕದಲ್ಲಿ, ಮೀಟರ್ ಗೇಜಿನಲ್ಲಿ ಹುಟ್ಟಿದ್ದು. 1990ರ ದಶಕದಲ್ಲಿ ಅದು ಬ್ರಾಡ್‌ಗೇಜ್ ಆಯಿತು, ಆಮೇಲೆ ಜೋಡಿಹಳಿ, ಆಮೇಲೆ ವಿದ್ಯುತ್. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಓಡತೊಡಗಿದ್ದು ಈ ಮೂರೂ ಮುಗಿದ ಹಳಿಯ ಮೇಲೆ. ಅಗಲವನ್ನು 1000 ಮಿಲಿಮೀಟರ್‌ನಿಂದ 1676ಕ್ಕೆ ತಿದ್ದಿದ ಮಾತ್ರಕ್ಕೆ ಹಳೆಯ ನಕ್ಷೆ ಹೊಸದಾಗುವುದಿಲ್ಲ. ಇಂಥ ಕಾಮಗಾರಿಗಳಲ್ಲಿ ತಿರುವುಗಳನ್ನು ಸಡಿಲಿಸುತ್ತಾರೆ, ಸೇತುವೆಯನ್ನು ಪಕ್ಕಕ್ಕೆ ಸರಿಸುತ್ತಾರೆ, ಹಳೆಯ ಏರಿ ಮಾತ್ರ ಹೊಲಗಳ ನಡುವೆ ಉಳಿಯುತ್ತದೆ.

ಭದ್ರಾ ಅಚ್ಚುಕಟ್ಟಿನಲ್ಲಿ ಅಂಥ ಏರಿಗಳನ್ನು ಗುರುತಿಸುವುದು ಒಂದು ಕಸುಬೇ ಸರಿ. ಬತ್ತದ ಗದ್ದೆ, ಅಡಿಕೆ ತೋಟಗಳ ನಡುವೆ ಹಾಯುವ ನಾಲೆ, ಅದರ ಏರಿ, ಏರಿಯ ಮೇಲಿನ ದಾರಿ, ಎಲ್ಲವೂ ಉಪಗ್ರಹ ಚಿತ್ರದಲ್ಲಿ ಕಿತ್ತುಹಾಕಿದ ರೈಲುಮಾರ್ಗದ ಹಾಗೆಯೇ ಕಾಣುತ್ತವೆ. ಗುಟ್ಟು ಇರುವುದು ತಿರುವಿನಲ್ಲಿ. ನಾಲೆ ನೆಲದ ಮಟ್ಟವನ್ನು ಹಿಡಿದು ಎಲ್ಲೆಂದರಲ್ಲಿ ಬಳುಕುತ್ತದೆ. ರೈಲು ನೇರ ಬಂದು, ಒಂದೇ ತ್ರಿಜ್ಯದ ತಿರುವು ಹಿಡಿದು, ಮತ್ತೆ ನೇರವಾಗುತ್ತದೆ. ತಿರುವಿನ ಅಳತೆಯನ್ನು ರೈಲ್ವೆಯವರು ಡಿಗ್ರಿಯಲ್ಲಿ ಹೇಳುತ್ತಾರೆ. 1750ನ್ನು ಮೀಟರ್‌ಗಳಲ್ಲಿರುವ ತ್ರಿಜ್ಯದಿಂದ ಭಾಗಿಸಿದರೆ ಡಿಗ್ರಿ ಬರುತ್ತದೆ, ಅಂದರೆ 875 ಮೀಟರ್ ತ್ರಿಜ್ಯದ್ದು 2 ಡಿಗ್ರಿಯ ತಿರುವು. ಬ್ರಾಡ್‌ಗೇಜ್‌ಗೆ 10 ಡಿಗ್ರಿ ಕೊನೆಯ ಮಿತಿ. 175 ಮೀಟರ್‌ಗಿಂತ ಕಿರಿದಾದ ತ್ರಿಜ್ಯ ಸಿಕ್ಕಿತೆಂದರೆ ಅಲ್ಲಿ ಬ್ರಾಡ್‌ಗೇಜ್ ರೈಲು ಓಡಿರಲಿಲ್ಲವೆಂದು ಧೈರ್ಯವಾಗಿ ಬರೆಯಬಹುದು. ತರೀಕೆರೆ–ನರಸಿಂಹರಾಜಪುರ ಟ್ರಾಮ್‌ವೇಯಂಥ ಚಿಕ್ಕ ಗೇಜಿನ, ಈಗ ಇಲ್ಲವಾದ ಮಾರ್ಗಗಳಿಗೆ ಈ ಲೆಕ್ಕ ಸಲ್ಲುವುದಿಲ್ಲ. ಅವು ನಾಲೆಗಳಷ್ಟೇ ಬಳುಕಬಲ್ಲವು.

ಜೋಡಿಹಳಿ ಬಂದ ಮೇಲೆ ಮೊಬೈಲಿನ ಜಿಪಿಎಸ್ ಸೋಲುತ್ತದೆ. ಹೊಸ ಕಾಮಗಾರಿಯಲ್ಲಿ ಎರಡು ಹಳಿಗಳ ನಡುಗೆರೆಗಳ ಅಂತರ ಕನಿಷ್ಠ 5.3 ಮೀಟರ್. ಮೊಬೈಲಿನ ದೋಷವೂ ಹೆಚ್ಚುಕಡಿಮೆ ಅಷ್ಟೇ. ರೈಲಿನಲ್ಲಿ ಕೂತು ದಾಖಲಿಸಿದ ಜಾಡು ಅಪ್ ಹಳಿಯದೋ ಡೌನ್ ಹಳಿಯದೋ ಎಂದು ಜಾಡೊಂದನ್ನೇ ನೋಡಿ ಹೇಳಲಾಗದು. ಗಾಡಿಗಳು ಎಡಕ್ಕೆ ಓಡುತ್ತವೆ ಎಂಬ ನಿಯಮ ಸಾಮಾನ್ಯವಾಗಿ ಕೈಹಿಡಿಯುತ್ತದೆ. ನಿಲ್ದಾಣದೊಳಗೆ, ಲೂಪ್ ಹಳಿಗೆ ತಿರುಗಿದಲ್ಲಿ, ಅದೂ ಸಾಲದು. ಎರಡು ಹಳಿ ಒಂದನ್ನೊಂದು ದಾಟುವುದಕ್ಕೂ ಪಾಯಿಂಟ್ಸ್‌ನಲ್ಲಿ ಕೂಡುವುದಕ್ಕೂ ನಕ್ಷೆಯಲ್ಲಿ ದೊಡ್ಡ ವ್ಯತ್ಯಾಸವಿದೆ. ಕಣ್ಣಿಗೆ ಕೂಡಿದಂತೆ ಕಂಡರೂ ಒಂದೇ ಬಿಂದುವನ್ನು ಹಂಚಿಕೊಂಡಿರದಿದ್ದರೆ ಗಣಕಯಂತ್ರದ ಪಾಲಿಗೆ ಅಲ್ಲಿ ದಾರಿಯೇ ಇಲ್ಲ. ಕೊಟ್ಟೂರಿನ ಕಡೆಯ ಮಾರ್ಗ ಕವಲೊಡೆಯುವುದು ಹರಿಹರಕ್ಕೆ ಮೊದಲು ಸಿಗುವ ಅಮರಾವತಿ ಕಾಲೊನಿ ನಿಲ್ದಾಣದಲ್ಲಿ. ಊರಿನ ಹೆಸರು ನೋಡಿ ಹರಿಹರದಲ್ಲಿ ಕವಲು ಬರೆದರೆ ನಕ್ಷೆ ನೋಡಲು ಸೊಗಸಾಗಿರುತ್ತದೆ, ಗಾಡಿ ಮಾತ್ರ ಹಾಗೆ ಹೋಗುವುದಿಲ್ಲ.

ಅದೃಷ್ಟಕ್ಕೆ ರೈಲ್ವೆ ತನ್ನ ಬಗ್ಗೆ ತಾನೇ ಹಳಿಯುದ್ದಕ್ಕೂ ಬರೆದಿಟ್ಟುಕೊಂಡಿರುತ್ತದೆ. ಕಿಲೋಮೀಟರ್ ಕಲ್ಲು, ಏರಿಳಿತ ಹೇಳುವ ಫಲಕ, ತಿರುವಿನ ಫಲಕ, ಸೇತುವೆಯ ಸಂಖ್ಯೆ, ಗೇಟಿನ ಸಂಖ್ಯೆ, ಗೇಟಿಗೆ ಮುಂಚಿನ ಸೀಟಿ ಫಲಕ, ಇವೆಲ್ಲ ಪುಕ್ಕಟೆ ಸಿಗುವ ಮಾಹಿತಿ. ವಿದ್ಯುತ್ ಬಂದ ಮೇಲೆ ಇನ್ನೂ ಒಳ್ಳೆಯದು. 25,000 ವೋಲ್ಟ್ ತಂತಿ ಹೊತ್ತ ಪ್ರತಿ ಕಂಬದ ಮೇಲೂ ಎಷ್ಟನೇ ಕಿಲೋಮೀಟರಿನ ಎಷ್ಟನೇ ಕಂಬ ಎಂದು ಬರೆದಿರುತ್ತದೆ. ಕಂಬಗಳ ಅಂತರ ಹೆಚ್ಚೆಂದರೆ 72 ಮೀಟರ್. ಗಂಟೆಗೆ 100 ಕಿಲೋಮೀಟರ್ ಓಡುವ ಗಾಡಿಯ ಕಿಟಕಿಯಿಂದ ಎರಡು ಎರಡೂವರೆ ಸೆಕೆಂಡಿಗೊಂದು ಸಂಖ್ಯೆ ಹಾಯುತ್ತದೆ. ಬರೆದುಕೊಳ್ಳಲು ಹೋದರೆ ಕೈ ಸೋಲುತ್ತದೆ. ಬಾಯಲ್ಲಿ ಹೇಳುತ್ತ ಮೊಬೈಲಿಗೆ ಧ್ವನಿಮುದ್ರಿಸಿಕೊಂಡು, ಸಂಜೆ ಜಾಡಿನ ಸಮಯದೊಂದಿಗೆ ಹೊಂದಿಸುವುದೇ ಸರಿಯಾದ ದಾರಿ. ಎದುರು ಸೀಟಿನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಈ ಸಂಖ್ಯೆಗಳನ್ನು ಟಿಕೆಟ್ಟಿನ ದೂರದೊಂದಿಗೆ ಬೆರೆಸಬಾರದು. ಹಳಿ ಸರಿದಾಗ ಕಿಲೋಮೀಟರ್ ಕಲ್ಲುಗಳನ್ನು ಮಾರ್ಗದುದ್ದಕ್ಕೂ ಕಿತ್ತು ಮತ್ತೆ ನೆಡಬೇಕೆಂದೇನಿಲ್ಲ, ಒಂದು ಕಿಲೋಮೀಟರನ್ನು ಉದ್ದವೋ ಗಿಡ್ಡವೋ ಮಾಡಿಬಿಟ್ಟರೂ ಆಗುತ್ತದೆ. ಕಲ್ಲಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಬೇಕು, ಲೆಕ್ಕ ಸರಿಪಡಿಸಲು ಹೋಗಬಾರದು.

ನಿಲ್ದಾಣದ ಹಳದಿ ಫಲಕದಲ್ಲಿ ಮೂರು ಭಾಷೆಯ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರವೂ ಇರುತ್ತದೆ. ಮೊಬೈಲ್ ತೋರಿಸುವ ಎತ್ತರ ಅದಕ್ಕಿಂತ 80–90 ಮೀಟರ್ ಕಡಿಮೆ ಬಂದರೆ ಗಾಬರಿಯಾಗಬೇಕಿಲ್ಲ. ಜಿಪಿಎಸ್ ಅಳೆಯುವುದು ಗಣಿತದ ದೀರ್ಘಗೋಳದಿಂದ, ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರಮಟ್ಟ ಅದರ ಕೆಳಗಿದೆ. ಲೆಕ್ಕದ ಚಿಹ್ನೆ ಇಲ್ಲಿ ತಿರುಗುಮುರುಗು: ದೀರ್ಘಗೋಳದ ಮೇಲಿನ ಎತ್ತರಕ್ಕೆ ಆ ಅಂತರವನ್ನು ಕೂಡಿಸಿದರೆ ಫಲಕದ ಅಂಕಿ ಬರುತ್ತದೆ. ಕೆಲವು ಮೊಬೈಲ್‌ಗಳು ಈ ತಿದ್ದುಪಡಿಯನ್ನು ತಾವೇ ಮಾಡಿಕೊಳ್ಳುವುದರಿಂದ, ಫಲಕವನ್ನು ನಂಬುವುದು ಕ್ಷೇಮ. ನಿಲ್ದಾಣದ ಸಂಕೇತವನ್ನೂ ಸೇರಿಸಬೇಕು. ದಾವಣಗೆರೆಯದು ಡಿವಿಜಿ, ಚಿಕ್ಕಜಾಜೂರಿನದು ಜೆಆರ್‌ಯು, ಬೀರೂರಿನದು ಆರ್‌ಆರ್‌ಬಿ. ಕನ್ನಡಿಗರಿಗೆ ಮೊದಲನೆಯದು ಕಗ್ಗದ ಕವಿಯನ್ನೂ ಕೊನೆಯದು ರೈಲ್ವೆ ನೇಮಕಾತಿ ಪರೀಕ್ಷೆಯನ್ನೂ ನೆನಪಿಸುತ್ತದೆಂಬುದು ಬೇರೆ ಮಾತು.

ಮಾಹಿತಿ ಎಲ್ಲಿಂದ ಬಂತು ಎಂಬ ಪ್ರಶ್ನೆಯಲ್ಲಿ ಸಡಿಲು ಬಿಡುವಂತಿಲ್ಲ. ಗೂಗಲ್ ನಕ್ಷೆಯಿಂದ ನಕಲು ಮಾಡಿದ್ದು ಮುಕ್ತ ನಕ್ಷೆಗೆ ಸಲ್ಲದು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭೂಮಾಹಿತಿಯ ಮೇಲಿನ ಅನುಮತಿಗಳ ಕಟ್ಟು ಸಡಿಲಿಸಿದ ಮೇಲೆ ನಕ್ಷೆಯ ಕೆಲಸ ಹಗುರವಾಗಿದೆ. ಆದರೆ ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯಿದೆಯ 147ನೇ ಕಲಮಿನಂತೆ ಇಂದಿಗೂ ಅಪರಾಧ. ಬಸ್ಸಿನ ದಾರಿ, ಪ್ಲಾಟ್‌ಫಾರ್ಮ್, ಗಾಡಿಯ ಕಿಟಕಿ, ಮೇಲ್ಸೇತುವೆಯ ಫುಟ್‌ಪಾತ್, ಕಾಣುವುದಕ್ಕೆ ಇಷ್ಟು ಸಾಕು. ಕಾಣದ್ದನ್ನು ಖಾಲಿ ಬಿಡುವುದು ಮೇಲು. ಸಿಗ್ನಲ್ ಇಂಥ ಬಗೆಯದಿರಬಹುದು ಎಂದು ಊಹಿಸಿ ಬರೆದದ್ದನ್ನು ಮುಂದೆ ಬಂದವರು ಯಾರೂ ಪ್ರಶ್ನಿಸುವುದಿಲ್ಲ.

ಬಾರದ ರೈಲುಗಳ ವಿಷಯದಲ್ಲಿ ಒತ್ತಡ ಹೆಚ್ಚು. ಹೊನ್ನಾಳಿ ಕಡೆಯವರಿಗೆ ಹರಿಹರ–ಶಿವಮೊಗ್ಗ ಮಾರ್ಗ ಹಳೆಯ ಕನಸು. ಜಗಳೂರಿಗೂ ಒಂದು ಹಳಿ ಬೇಕೆಂಬ ಮಾತು ಹೊಸದಲ್ಲ. ಸ್ವಂತ ತಾಲ್ಲೂಕಿನ ಖಾಲಿ ಜಾಗದಲ್ಲಿ ಒಂದು ಚುಕ್ಕೆಗೆರೆ ಎಳೆಯುವ ಆಸೆ ಯಾರಿಗಿಲ್ಲ? ನೆಲದ ಮೇಲೆ ಏನೂ ಇಲ್ಲದ್ದನ್ನು ನಕ್ಷೆಗೆ ಹಾಕಬಾರದು. ತುಮಕೂರು–ದಾವಣಗೆರೆ ಮಾರ್ಗದ ಮಾತು ಬೇರೆ. ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ಸುಮಾರು 191 ಕಿಲೋಮೀಟರ್ ಉದ್ದದ ಆ ಯೋಜನೆಯಲ್ಲಿ ಮಣ್ಣಿನ ಏರಿ, ಸೇತುವೆಯ ಕಂಬ ಎದ್ದ ಕಡೆಯಷ್ಟನ್ನು ‘ನಿರ್ಮಾಣ ಹಂತ’ವೆಂದು ಬರೆಯಬಹುದು. ಹಳಿ ಜೋಡಿಸಿದ ಮೇಲೂ ಸುರಕ್ಷತಾ ಆಯುಕ್ತರ ತಪಾಸಣೆಯಾಗಿ ಪ್ರಯಾಣಿಕರ ಗಾಡಿ ಓಡುವವರೆಗೆ ಆ ಗುರುತು ಬದಲಿಸಬಾರದು.

ಇರುವ ಹಳಿಯನ್ನೂ ಒಮ್ಮೆ ಬರೆದು ಮರೆಯುವಂತಿಲ್ಲ. ಎಲ್ಲಕ್ಕಿಂತ ಬೇಗ ಹಳತಾಗುವುದು ಗೇಟು. ಗೇಟು ಮುಚ್ಚಿ ಕೆಳಸೇತುವೆ ಬಂದಾಗ ಗೇಟಿನ ಬಿಂದುವನ್ನು ತೆಗೆದರೆ ಸಾಲದು. ರಸ್ತೆಯನ್ನು ಹಳಿಯಿಂದ ಬಿಡಿಸಿ ಕೆಳಗಿನ ಪದರಕ್ಕೆ ಇಳಿಸಬೇಕು, ಸೇತುವೆಯ ಎತ್ತರದ ಮಿತಿ ಬರೆಯಬೇಕು, ಭಾರಿ ವಾಹನಕ್ಕೆ ಬೇರೆ ದಾರಿ ತೋರಿಸಬೇಕು, ಗೇಟಿನ ಸಿಗ್ನಲ್ ಹೋಗಿದ್ದರೆ ಅದನ್ನೂ ಅಳಿಸಬೇಕು. ಇಲ್ಲದಿದ್ದರೆ ತ್ಯಾವಣಿಗೆಯಿಂದ ಅಡಿಕೆ ಹೇರಿಕೊಂಡು ಹೊರಟ ಲಾರಿಗೆ ಮೊಬೈಲು ಈಗಲೂ ಇಲ್ಲದ ಗೇಟಿನ ದಾರಿಯನ್ನೇ ತೋರಿಸುತ್ತಿರುತ್ತದೆ.