ಮೊದಲನೆಯ ಸ್ವಾತಂತ್ರ್ಯ ಸಂಗ್ರಾಮ ಯಾವುದು?



ಭಾರತದ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಯಾವುದೆಂದು ಕೇಳಿದರೆ ನೀವು ಥಟ್ಟನೆ 1857 ಎನ್ನುವಿರಿ. ಆದರೆ ಪತ್ರಿಕೆಗಳಲ್ಲಿ ಈ ವಾದ ಇನ್ನೂ ಮುಗಿದಿಲ್ಲ. 2006ರಲ್ಲಿ ವೆಲ್ಲೂರು ಸಿಪಾಯಿ ದಂಗೆಗೆ 200 ವರ್ಷವೂ ಮರುವರ್ಷ 1857ಕ್ಕೆ 150 ವರ್ಷವೂ ತುಂಬಿದಾಗ ಅದು ಮತ್ತೆ ತಲೆಯೆತ್ತಿತು.

ದಿಂಡಿಗಲ್ ಸೀಮೆಯವರು ಇನ್ನೂ ಹಿಂದಿನ ಹೆಸರೊಂದನ್ನು ಹೇಳುತ್ತಾರೆ: ವಿರೂಪಾಚ್ಚಿಯ ಪಾಳೆಯಗಾರ ಗೋಪಾಲ ನಾಯಕ. ಆ ಸೀಮೆ ನಮಗೆ ದೂರದ್ದಲ್ಲ. ಕಂಬಂ ಕಣಿವೆಯಲ್ಲಿ ಮನೆಮಾತು ಕನ್ನಡವಾದ ಕುಟುಂಬಗಳು ಇಂದಿಗೂ ಇವೆ. ದಿಂಡಿಗಲ್ ಕೋಟೆ ಮೈಸೂರಿನ ಕೈಯಲ್ಲಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಆ ಸೀಮೆ ಕಂಪೆನಿಯ ಪಾಲಾಯಿತು.

ಅನಂತರ ಗೋಪಾಲ ನಾಯಕನು ಸುತ್ತಣ ಪಾಳೆಯಗಾರರನ್ನು ಒಗ್ಗೂಡಿಸಿದನು. ಶಿವಗಂಗೆಯ ಮರುದು ಸಹೋದರರೊಡನೆಯೂ ಕನ್ನಡನಾಡಿನಲ್ಲಿ ಹೋರಾಡುತ್ತಿದ್ದ ಧೋಂಡಿಯಾ ವಾಘನೊಡನೆಯೂ ಸಂಪರ್ಕವಿರಿಸಿಕೊಂಡನು. 1800ರ ಜೂನ್‌ನಲ್ಲಿ ಕೊಯಮತ್ತೂರು ಕೋಟೆಯನ್ನು ಹಿಡಿಯುವ ಯತ್ನ ವಿಫಲವಾಯಿತು. ಸೆಪ್ಟೆಂಬರ್‌ನಲ್ಲಿ ಧೋಂಡಿಯಾ ರಣದಲ್ಲಿ ಮಡಿದನು. 1801ರಲ್ಲಿ ಗೋಪಾಲ ನಾಯಕನೂ ಮರುದು ಸಹೋದರರೂ ಗಲ್ಲಿಗೇರಿದರು. ಇತಿಹಾಸಕಾರ ಕೆ. ರಾಜಯ್ಯನ್ ಅವರು 1971ರಲ್ಲಿ ಮೈಸೂರಿನಿಂದ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನೇ ಪ್ರಥಮ ಸ್ವಾತಂತ್ರ್ಯ ಸಂಗ್ರಾಮವೆಂದು ಕರೆದರು.

ಎದುರು ಪಕ್ಷದ ಮಾತೂ ಹಗುರವಲ್ಲ. ಪಾಳೆಯಗಾರರು ತಮ್ಮ ತಮ್ಮ ಪಾಳೆಯಕ್ಕಾಗಿ ಹೋರಾಡಿದರು, ಪುದುಕ್ಕೋಟೆಯ ತೊಂಡೈಮಾನನು ಕಂಪೆನಿಗೇ ನೆರವಾದನು ಎನ್ನುತ್ತಾರೆ. ಆದರೆ 1801ರ ಜೂನ್ 16ರ ಮರುದು ಘೋಷಣೆಯು ಜಂಬೂದ್ವೀಪದ ಎಲ್ಲ ಜಾತಿಯವರನ್ನೂ ಕರೆದಿತ್ತೆಂಬುದನ್ನು ಮರೆಯಲಾಗದು. 1857ಕ್ಕೂ ಇದೇ ಪರೀಕ್ಷೆ ಒದಗಿತು. ಅದನ್ನು ಪ್ರಥಮ ರಾಷ್ಟ್ರೀಯ ಸಂಗ್ರಾಮವೆನ್ನಲು ಆರ್. ಸಿ. ಮಜುಂದಾರರು ಒಪ್ಪಲಿಲ್ಲ.

ಹೈದರ್ ಅಲಿಯ ಉದಾಹರಣೆ ನೋಡಿ. 1755ರಲ್ಲಿ ಅವನು ದಿಂಡಿಗಲ್ಲಿಗೆ ಫೌಜುದಾರನಾಗಿ ಬಂದು ಅಲ್ಲಿನ ಪಾಳೆಯಗಾರರನ್ನು ಅಡಗಿಸಿದನು. ಮುಂದೆ ಶಿವಗಂಗೆಯ ರಾಣಿ ವೇಲು ನಾಚ್ಚಿಯಾರಿಗೆ ಕಂಪೆನಿಯ ವಿರುದ್ಧ ನೆರವಿತ್ತವನೂ ಅವನೇ. ಒಂದನ್ನು ಮಾತ್ರ ಬರೆದರೆ ಸುಳ್ಳಾಗದು. ಆದರೆ ಪೂರ್ಣ ಸತ್ಯವೂ ಆಗದು.

ಆದುದರಿಂದ ಇಂತಹ ಲೇಖನ ಓದುವಾಗ ಘಟನೆ ಯಾವುದು, ಅದಕ್ಕೆ ಕೊಟ್ಟ ಹೆಸರು ಯಾವುದು ಎಂದು ಬೇರ್ಪಡಿಸಿರಿ. ಗೋಪಾಲ ನಾಯಕ ಗಲ್ಲಿಗೇರಿದ್ದು ಘಟನೆ. 'ಪ್ರಥಮ' ಎಂಬುದು ಅಭಿಪ್ರಾಯ. ಅಭಿಪ್ರಾಯದಲ್ಲಿ ಭೇದವಿರಬಹುದು, ಆದರೆ ಆ ಜಗಳದಲ್ಲಿ ಸತ್ತವರ ಹೆಸರು ಅಳಿಯಬಾರದು. ತಂದೆತಾಯಿಯರೂ ಮಕ್ಕಳೊಡನೆ ಕುಳಿತು ಎರಡು ಪತ್ರಿಕೆಗಳನ್ನು ಹೋಲಿಸಿ ಓದಿದರೆ ಈ ಪಾಠ ಪೂರ್ಣವಾಗುತ್ತದೆ.