ಕಥೆಯಲ್ಲಿ ನೀವು ಕಲಾಂ ಅಲ್ಲ

ಬಿ.ಎಡ್. ಕಾಲೇಜುಗಳಲ್ಲಿ ಈಗ ಸ್ಫೂರ್ತಿ ತುಂಬುವ ಉಪನ್ಯಾಸಗಳಿಗೆ ಬರವಿಲ್ಲ. ಅತಿಥಿಗಳು ಬರುತ್ತಾರೆ, ಅಬ್ದುಲ್ ಕಲಾಂ ಅವರ ಬದುಕನ್ನು ಮನಮುಟ್ಟುವಂತೆ ಹೇಳುತ್ತಾರೆ, ಸಭಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಸಂಜೆಯೊಳಗೆ ಫೋಟೋಗಳು ಸ್ಟೇಟಸ್‌ಗೆ ಏರುತ್ತವೆ. ಮಾರನೆಯ ದಿನ ನೋಡಿದರೆ, ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಎದುರಿಗಿಟ್ಟುಕೊಂಡು ಪಾಠಯೋಜನೆ ನಕಲು ಮಾಡುವ ಕೆಲಸ ಎಂದಿನಂತೆ ಸಾಗಿರುತ್ತದೆ. ನಿಮ್ಮಂಥವರಿಗೆ ಬಹುಕಾಲ ಪಾಠ ಹೇಳಿದ ನನಗೆ ಚಿಂತೆ ಹತ್ತುವುದು ಇಲ್ಲೇ.

ಭಾಷಣ ಕೇಳಬೇಡಿ ಎನ್ನುತ್ತಿಲ್ಲ. ಕೇಳಿ. ಆದರೆ ಆ ಕಥೆಯಲ್ಲಿ ನಿಮ್ಮ ಪಾತ್ರ ಯಾವುದೆಂದು ತಪ್ಪು ತಿಳಿಯಬೇಡಿ. ಪೇಪರ್ ಹಾಕುತ್ತಿದ್ದ ಹುಡುಗ ರಾಷ್ಟ್ರಪತಿಯಾದ ಭಾಗಕ್ಕೆ ನೀವೆಲ್ಲ ಕಣ್ಣರಳಿಸುತ್ತೀರಿ. ಶಿಕ್ಷಕರಾಗುವವರು ನೋಡಬೇಕಾದದ್ದು ಆ ಹುಡುಗನ ಎದುರು ಕಪ್ಪುಹಲಗೆಯ ಬಳಿ ನಿಂತಿದ್ದವರನ್ನು.

ರಾಮೇಶ್ವರದ ಶಾಲೆಯಲ್ಲಿ ಶಿವಸುಬ್ರಮಣ್ಯ ಅಯ್ಯರ್ ಎಂಬ ಮೇಷ್ಟ್ರು ಹಕ್ಕಿ ಹೇಗೆ ಹಾರುತ್ತದೆ ಎಂದು ಚಿತ್ರ ಬರೆದು ವಿವರಿಸಿದರು. ಅರ್ಥವಾಯಿತೇ ಎಂದು ಕೇಳಿದರೆ, ಇಲ್ಲ ಎಂದ ಹುಡುಗ ಕಲಾಂ. ಉಳಿದವರೂ ಇಲ್ಲವೆಂದರು. ಮೇಷ್ಟ್ರು ಸಿಟ್ಟಾಗಲಿಲ್ಲ. ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಲೂ ಹೋಗಲಿಲ್ಲ. ಸಂಜೆ ಮಕ್ಕಳನ್ನು ಸಮುದ್ರದ ದಂಡೆಗೆ ಕರೆದೊಯ್ದು ಹಾರುವ ಹಕ್ಕಿಗಳನ್ನೇ ತೋರಿಸಿದರು. ಇನ್ನೊಮ್ಮೆ ಆ ಹುಡುಗನನ್ನು ಮನೆಗೆ ಊಟಕ್ಕೆ ಕರೆದಾಗ, ಮುಸಲ್ಮಾನರ ಮಗುವಿಗೆ ತಮ್ಮ ಮಡಿ ಅಡುಗೆಮನೆಯಲ್ಲಿ ಬಡಿಸಲು ಅವರ ಹೆಂಡತಿ ಒಪ್ಪಲಿಲ್ಲ. ಮೇಷ್ಟ್ರು ತಾವೇ ಬಡಿಸಿ, ಪಕ್ಕದಲ್ಲೇ ಕೂತು ಉಂಡರು. ಮುಂದಿನ ವಾರ ಮತ್ತೆ ಕರೆದರು; ಆಗ ಆ ತಾಯಿಯೇ ಬಡಿಸಿದರು. ಈ ಮೇಷ್ಟ್ರು ಮಾಡಿದ ಯಾವ ಕೆಲಸಕ್ಕೂ ಅನುದಾನ ಬೇಕಿರಲಿಲ್ಲ, ಸುತ್ತೋಲೆ ಬೇಕಿರಲಿಲ್ಲ.

ಈಗ ನಿಮ್ಮ ಸೂಕ್ಷ್ಮ ಬೋಧನೆಯ ತರಗತಿಗೆ ಬನ್ನಿ. ಸಹಪಾಠಿಗಳೇ ಮಕ್ಕಳಾಗಿ ಕೂತು, ಮೊದಲೇ ಹೇಳಿಕೊಟ್ಟ ಉತ್ತರ ಒಪ್ಪಿಸುತ್ತಾರೆ. 'ಅರ್ಥವಾಯಿತಾ?' ಎಂದರೆ ಒಕ್ಕೊರಲಿನಿಂದ 'ಹೌದು ಸಾರ್'. ಎರಡು ವರ್ಷ ಈ 'ಹೌದು' ಕೇಳಿಯೇ ಕಿವಿ ಹದವಾಗಿಬಿಟ್ಟರೆ, ನಿಜವಾದ ಮಗು 'ಇಲ್ಲ' ಎಂದ ದಿನ ಅದು ಉದ್ಧಟತನದಂತೆ ಕೇಳಿಸುತ್ತದೆ, ಗದರುವ ಮಾತು ಬಾಯಿಗೆ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಿಂದಿನ ಮೇಷ್ಟ್ರುಗಳೆಲ್ಲ ದೇವರಂಥವರೆಂದು ನಾನು ಹೇಳಲಾರೆ. ಬಾಸುಂಡೆ ಎದ್ದ ಅಂಗೈ ಹೊತ್ತು ಮನೆಗೆ ಹೋದ ತಲೆಮಾರು ನಮ್ಮದು. ಈಗ ಬೆತ್ತ ಬಹುಮಟ್ಟಿಗೆ ಹೋಯಿತು. 'ಇಷ್ಟೂ ಗೊತ್ತಾಗಲ್ವಾ ನಿಂಗೆ?' ಎಂಬ ಮಾತು ಮಾತ್ರ ಹೋಗಿಲ್ಲ. ಅದನ್ನು ಬಿಡಿಸಬೇಕಾದವರು ನೀವು.

ಒಳ್ಳೆಯ ಮಾತು ಕೇಳಿದ ಮೇಲೆ ಏನು ಮಾಡಬೇಕು ಎಂಬುದಕ್ಕೆ ನಮ್ಮ ನಾಡಿನಲ್ಲೇ ದಾರಿಗಳಿವೆ. ಗೌರಿಬಿದನೂರು ಕಡೆಯ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ ಓದುವ ಹಂಬಲಕ್ಕೆ ಬೆಂಗಳೂರಿಗೆ ನಡೆದೇ ಬಂದವರು. ಮೇಷ್ಟ್ರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು, ಆದರೂ ಹಾಸ್ಟೆಲ್ಲಿನ ಒಂದು ಕೋಣೆಯಲ್ಲೇ ಬದುಕಿದರು. ಅವರ ಸರಳತೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1962ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆ. ವಾರವಾರ ಉಪನ್ಯಾಸ, ದಶಕಗಳ ಕಾಲ. ಉಪನ್ಯಾಸವೆಂದರೆ ವರ್ಷಕ್ಕೊಮ್ಮೆ ಹಾರ ಹಾಕಿ ಮುಗಿಸುವ ಸಮಾರಂಭವಲ್ಲ, ಸ್ನಾನ ಊಟದಂತೆ ರೂಢಿಯಾಗಬೇಕಾದದ್ದು ಎಂದು ಅವರು ಮಾಡಿ ತೋರಿಸಿದರು. ಆ ರೂಢಿ ನಿಮ್ಮದೂ ಆಗಲಿ: ಕೈ ಎತ್ತಿ ಪ್ರಶ್ನೆ ಕೇಳದೆ ಯಾವ ಭಾಷಣದಿಂದಲೂ ಎದ್ದು ಬರಬೇಡಿ.

ಹೆಗ್ಗಡದೇವನಕೋಟೆಯ ಶಿಕ್ಷಕರನ್ನೂ ನೆನೆಯಿರಿ. ತೊಂಬತ್ತರ ದಶಕದಲ್ಲಿ ಅವರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ನೋಡಿದ್ದನ್ನು ಹೊಗಳಿ ಸುಮ್ಮನಾಗಲಿಲ್ಲ. ಕೂತು ಕನ್ನಡ ಮಕ್ಕಳಿಗೆ ಒಗ್ಗುವ ಕಲಿಕಾ ಕಾರ್ಡುಗಳನ್ನು ತಯಾರಿಸಿದರು. ನೀವು ಶಾಲೆಗಳಲ್ಲಿ ಕಾಣುವ ನಲಿ-ಕಲಿ ಬೆಳೆದದ್ದು ಅಲ್ಲಿಂದ. ಅದರಲ್ಲಿ ಕೊರತೆಗಳಿಲ್ಲವೆಂದಲ್ಲ, ಆ ಮಾತು ಇನ್ನೊಮ್ಮೆ. ಕಂಡದ್ದನ್ನು ಕೈಗೆ ಇಳಿಸಿದರಲ್ಲ, ಅದು ಮುಖ್ಯ.

ಟಿಇಟಿಯಲ್ಲಿ 150ಕ್ಕೆ 90 ಅಂಕ ತೆಗೆಯುವ ಹೊತ್ತಿನ ಒತ್ತಡ ನನಗೆ ಗೊತ್ತಿದೆ. ಮನೆಯವರ ಕಣ್ಣೆಲ್ಲ ನೇಮಕಾತಿಯ ಮೇಲಿರುತ್ತದೆ. ಓದಿ, ಪಾಸಾಗಿ. ಆದರೆ ದಿನಕ್ಕೆ ಅರ್ಧ ಗಂಟೆಯಾದರೂ ಪರೀಕ್ಷೆಗೆ ಬಾರದ ಪುಸ್ತಕವೊಂದನ್ನು ಓದಿ. ಫೋನು ಆ ಹೊತ್ತು ಬೇರೆ ಕೋಣೆಯಲ್ಲಿರಲಿ. ಗೈಡು ಮಾತ್ರ ಓದಿದ ಮೇಷ್ಟ್ರನ್ನು ಮಕ್ಕಳು ಬಲುಬೇಗ ಪತ್ತೆ ಹಚ್ಚುತ್ತಾರೆ.

ಇಂಟರ್ನ್‌ಶಿಪ್‌ಗೆ ಹೋದ ಮೊದಲ ವಾರದಲ್ಲೇ ತರಗತಿಯ ಎಲ್ಲ ಮಕ್ಕಳ ಹೆಸರು ಕಲಿಯಿರಿ. ಪಾಠದ ಕೊನೆಗೆ 'ಎಲ್ಲರಿಗೂ ಅರ್ಥವಾಯಿತಾ?' ಎಂದು ಕೇಳುವುದನ್ನು ಬಿಟ್ಟು, 'ಯಾವುದು ಅರ್ಥವಾಗಲಿಲ್ಲ?' ಎಂದು ಕೇಳಿ. ಪಾಠ ನೋಡಲು ಬಂದ ನಿಮ್ಮ ಉಪನ್ಯಾಸಕರು ಅಂದು ಹಿಂದೆ ಕೂತಿದ್ದರೂ ಹಾಗೆಯೇ ಕೇಳಿ. ಒಂದು ಮಗು ಎದ್ದು 'ಏನೂ ಅರ್ಥವಾಗಲಿಲ್ಲ ಟೀಚರ್' ಅಂದುಬಿಟ್ಟರೆ ಅಂಕ ಎರಡು ಕಡಿಮೆ ಬರಬಹುದು, ಬರಲಿ. ಆ ಮಗುವಿನ ಮೇಲೆ ಮಾತ್ರ ಮುಖ ಸಿಂಡರಿಸಬೇಡಿ.